ಕತ್ತಲೆಗೆ ಇಪ್ಪತ್ತು ನಿಮಿಷ

ನನ್ನ ಕೆಲಸ ನಿಜವಾಗಿ ಮೆಕ್ಕೆಜೋಳದ್ದು.
ಬಿಳಿ ಕಾಳು ಹಳದಿಯಾಗಲು ಯಾವ ಕಿಣ್ವ ಬೇಕು,
ಆ ಕಿಣ್ವವನ್ನು ಬರೆದಿಟ್ಟ ಜೀನು ಎಲ್ಲಿ ಮುರಿದಿದೆ ಎಂದು
ತೋಳಹುಣಸೆಯ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ
ಹಿಟ್ಟು, ಮದ್ಯಸಾರ, ಮಂಜುಗಡ್ಡೆ.
ದಾವಣಗೆರೆಯ ಎಪಿಎಂಸಿ ಅಂಗಳದ ರಾಶಿಯಿಂದ
ಒಂದು ಹಿಡಿ ಕೇಳಿ ತರುತ್ತೇನೆ. ಹಮಾಲರು ನಗುತ್ತಾರೆ:
"ಇಷ್ಟಕ್ಕೆ ಚೀಲ ಯಾಕವ್ವ, ಸೆರಗು ಸಾಕಲ್ಲ."

ಅದೇ ಹಳದಿ ಕಣ್ಣೊಳಗೂ ಇದೆ.
ಅಕ್ಷಿಪಟಲದ ನಟ್ಟನಡುವೆ, ಸಾಸಿವೆಯಷ್ಟು ಚುಕ್ಕೆ;
ನಾವು ಮಾಡಿಕೊಂಡದ್ದಲ್ಲ, ತಿಂದು ಗಳಿಸಿದ್ದು.
ಈ ಒಂದು ವಾಕ್ಯದ ಬಲದ ಮೇಲೆ ನಮ್ಮ ಗೈಡು
ಎರಡು ಇಲಾಖೆಯ ಹಣವನ್ನು ಒಂದೇ ಫ್ರೀಜರಿಗೆ ತಂದರು:
ಮೇಲಿನ ತಟ್ಟೆಯಲ್ಲಿ ಜೋಳದ ಮೊಳಕೆ,
ಕೆಳಗಿನದರಲ್ಲಿ ಮಂಡಕ್ಕಿ ಭಟ್ಟಿಯ ಒಂದು ಮನೆತನದ ರಕ್ತ.

ಆ ಮನೆತನವನ್ನು ನಾನೇ ಬರೆದೆ.
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ,
ಇರುಳು ಕಾಣದವರಿಗೆ ಒಳಗೆಲ್ಲ ಮಸಿ,
ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ.
ಖುರ್ಷಿದಾಬಿ ಹಾಳೆಯ ಮೇಲೆ ಬೆರಳಿಟ್ಟಳು:
"ನಮಗ್ಯಾಕೆ ಎರಡು ಗೀಟು?"
ಅಣ್ಣತಮ್ಮರ ಮಕ್ಕಳಲ್ಲವೇ ನೀವಿಬ್ಬರು, ಅದಕ್ಕೆ.
"ಹಂಗಾರೆ ಗಟ್ಟಿ ಸಂಬಂಧ ಅನ್ರಿ" ಎಂದು ನಕ್ಕಳು.
ನನ್ನ ಅವ್ವ ಸೋದರಮಾವನನ್ನೇ ಕಟ್ಟಿಕೊಂಡವಳು.
ಅದನ್ನು ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

ಇನ್ನೊಂದು ತಪ್ಪೂ ಮಾಡಿದೆ. ಮಾತಿಗೆ ಮಾತು ಬಂದು
ಜೋಳದ ಹಳದಿ ಕಣ್ಣಲ್ಲೂ ಇರುತ್ತದೆ ಎಂದುಬಿಟ್ಟೆ.
ಮುಂದಿನ ತಿಂಗಳು ಹೋದರೆ ಒಲೆಯ ಮೇಲೆ ತೆನೆ ಬೇಯುತ್ತಿತ್ತು,
ಬೆಳಿಗ್ಗೆ, ಸಂಜೆ, ಹುಡುಗನ ಸ್ಕೂಲಿನ ಡಬ್ಬಿಗೂ ಅದೇ.
ಅದು ಬೇರೆ, ಇದು ಬೇರೆ ಎಂದು ಕೂತು ಬಿಡಿಸಿ ಹೇಳಿದೆ:
ಇವನಿಗೆ ಸೊರಗುತ್ತಿರುವುದು ನಡುವಿನ ಚುಕ್ಕೆಯಲ್ಲ,
ಸುತ್ತ ನಿಂತು ಇರುಳಲ್ಲಿ ದುಡಿವ ಕಡ್ಡಿಯಂಥ ಕೋಶಗಳು;
ಒಂದು ಅಕ್ಷರ ತಪ್ಪಿದೆ,
ಅದನ್ನು ತಿದ್ದುವ ರಬ್ಬರು ನಮ್ಮೂರಿಗೆ ಇನ್ನೂ ಬಂದಿಲ್ಲ.
ಎಲ್ಲ ಕೇಳಿಸಿಕೊಂಡಳು.
ನನಗೂ ಒಂದು ತೆನೆ ಕೊಟ್ಟಳು, ಉಪ್ಪು ಖಾರ ಹಚ್ಚಿ.

ಇವತ್ತು ಆಸ್ಪತ್ರೆಯ ನೆಲಮಾಳಿಗೆ. ಕಿಟಕಿಗೆ ಕರಿ ರೆಕ್ಸಿನ್,
ಯಂತ್ರದ ಮೈಮೇಲೆ ಒಂದೇ ಒಂದು ಕೆಂಪು ಬಿಂದು.
ಪರೀಕ್ಷೆಗೆ ಮುನ್ನ ಕಣ್ಣು ಕತ್ತಲೆಗೆ ಹೊಂದಬೇಕಂತೆ.
ತೌಫೀಕನಿಗೆ ಹನ್ನೊಂದು. ಒಬ್ಬನೇ ಕೂರಲೊಲ್ಲ ಎಂದು
ನನ್ನನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿದರು.

ಮೊದಲು ಇಬ್ಬರಿಗೂ ಒಂದೇ ಕತ್ತಲು.
ಅವನು ಹೇಳತೊಡಗಿದ: ಭಟ್ಟಿಯಿಂದ ಮನೆಗೆ ನೂರಾ ನಲವತ್ತು ಹೆಜ್ಜೆ,
ಬಲಗೆನ್ನೆ ಬಿಸಿಯಾದರೆ ಎಡಕ್ಕೆ ಸರಿಯಬೇಕು,
ಅಕ್ಕಿ ಚಿಟಪಟ ನಿಂತರೆ ಅಬ್ಬಾ ಜರಡಿ ಎತ್ತಿದ್ದಾರೆ,
ಅಲ್ಲೇ ನಿಂತುಬಿಡಬೇಕು, ಕಾದ ಮರಳು ಸುರೀತತಿ.
"ಹೊಗೆ ತುಂಬಿದ್ರೆ ಎಲ್ಲಾರೂ ನನ್ನಂಗೇ. ಯಾರಿಗೂ ಕಾಣಂಗಿಲ್ಲ."

ಏಳನೆಯ ನಿಮಿಷಕ್ಕೆ, ನಾನು ಕೇಳದೆಯೇ,
ಬಾಗಿಲ ಅಂಚು ಬಂತು.
ಆಮೇಲೆ ಮೇಜು. ನನ್ನ ಬೆರಳು, ಒಂದೊಂದಾಗಿ.
ಆಮೇಲೆ ಅವನ ಮುಖ:
ನಾನಿಲ್ಲದ ಕಡೆಗೆ ತಿರುಗಿ ಮಾತಾಡುತ್ತಿತ್ತು.
ಪುಕ್ಕಟೆ ಸಿಕ್ಕಿದ್ದು ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

"ನಿಮಗೆ ಏನಾರ ಕಾಣ್ತತಾ, ಮೇಡಂ?"
ಇಲ್ಲ, ಎಂದೆ.
"ಹೆದರಬ್ಯಾಡ್ರಿ" ಎಂದ. ಕೈ ಚಾಚಿದ.
ಖಾಲಿ ಕುರ್ಚಿಯತ್ತ ಹೊರಟ ಆ ಕೈಗೆ
ನಾನೇ ಜರುಗಿ ಸಿಕ್ಕಿಕೊಂಡೆ.

ಬೆಳಕು ಮಿಂಚಿತು, ಮತ್ತೆ ಮಿಂಚಿತು.
ಪರದೆಯ ಮೇಲಿನ ಗೆರೆ ಏಳಲಿಲ್ಲ,
ಹರಿಹರದ ಕಡೆಯ ರಸ್ತೆಯಂತೆ ಮಲಗಿಯೇ ಇತ್ತು.
ಫಾರಂನಲ್ಲೊಂದು ಸಾಲು:
ಕತ್ತಲೆಗೆ ಹೊಂದಿಕೊಂಡ ಅವಧಿ.
ಯಾರು ಎಂದು ಕೇಳಿರಲಿಲ್ಲ. ಇಪ್ಪತ್ತು ನಿಮಿಷ, ಸಹಿ.

ಹೊರಗೆ ಬೆಂಚಿನ ಮೇಲೆ ಖುರ್ಷಿದಾಬಿ ಡಬ್ಬಿ ಬಿಚ್ಚುತ್ತಿದ್ದಳು.
ಮೂರು ಗಂಟೆಯ ಬಿಸಿಲು.
ಔಷಧಿಗೆ ಅರಳಿದ ಕಣ್ಣಿಗೆ ಕೈ ಅಡ್ಡ ಹಿಡಿದು
ಹುಡುಗ ಓಡಿಯೇ ಬಿಟ್ಟ,
ಸ್ಟ್ರೆಚರು, ಮುದುಕರು, ಒರೆಸುವ ಬಕೆಟ್ಟು
ಯಾವುದಕ್ಕೂ ತಾಗದೆ.