ಸಂಕೇಗುಡ್ಡ ಮತ್ತೆ ತೆರೆದ ವಾರ

ಬೋರ್ಡಿನಲ್ಲಿ ಉಣ್ಣೆ ಟೊಪ್ಪಿಗೆಯ ಒಬ್ಬ ಗಂಡಸು,
ಕಾಲಿಗೆ ಎರಡು ಉದ್ದ ಪಟ್ಟಿ, ಕೈಗೆರಡು ಕೋಲು.
ಕೆಳಗೆ ಹಳದಿಯಲ್ಲಿ: ಹುಲ್ಲು ಸ್ಕೀ. ತಲೆಗೆ ಇಪ್ಪತ್ತು ರೂಪಾಯಿ.
ಅವನ ಟೊಪ್ಪಿಗೆ ನೋಡಿಯೇ ನನಗೆ ಬೆವರು.
ಕಾರವಾರದ ಡಿಸೆಂಬರಿಗೆ ಅಂಥ ಚಳಿಯೇನಿಲ್ಲ,
ಬೆಳಿಗ್ಗೆ ಒಂದು ಗಳಿಗೆ ಕಾಳಿ ನದಿ ಹೊಗೆಯಾಡಿ
ಆಮೇಲೆ ಮರೆತುಬಿಡುತ್ತದೆ.

ಒಂದು ಆಷಾಢದಲ್ಲಿ ಈ ಗುಡ್ಡ ಮಗ್ಗುಲು ಬದಲಿಸಿತಂತೆ.
ಮಾರನೇ ದಿನ ಮುಳ್ಳುತಂತಿ, ಇಲಾಖೆಯ ಕೆಂಪು ಅಕ್ಷರ.
ಮರುವರ್ಷ ಹಳಿಯಾಳದ ಬಯಲಿಂದ ನಾನು ಸೊಸೆಯಾಗಿ ಬಂದೆ,
ಏರು ಎಂದರೆ ಬಸ್ಸಿನ ಮೆಟ್ಟಿಲು ಎಂದು ತಿಳಿದವಳು.
ಹದಿನಾಲ್ಕು ವರ್ಷ ಅಡುಗೆಮನೆ ಕಿಟಕಿಯಿಂದ
ಗುಡ್ಡ ಕಂಡಿದ್ದೇನೆ, ಇವರ ಬಾಯಿಂದ ಇಳಿದಿದ್ದೇನೆ:

“ಕರಡ ಒಣಗಿದರೆ, ನೋಡು, ಎಣ್ಣೆ. ಬರೀ ಎಣ್ಣೆ.
ತೆಂಗಿನ ಮಡಲಿನ ಮೇಲೆ ಕೂತು ಕಣ್ಣು ಮುಚ್ಚಿದರೆ
ಬಿಡುವಾಗ ಕೆಳಗಿನ ಗೇರುಮರ.
ಬ್ರೇಕ್ ಎಂದರೆ ಹಿಮ್ಮಡಿ. ತಪ್ಪಿದರೆ ಗೇರುಮರ.”
ಮದುವೆಯಾದ ಮೊದಲ ವಾರ ಕೇಳಿದ್ದು,
ಆಮೇಲೆ ಬಾಯಿಪಾಠ. ಮಗಳಿಗೆ ಅನ್ನ ಉಣಿಸಲೂ ಅದೇ ಕತೆ,
ತುತ್ತಿಗೊಂದು ತಿರುವು.

ಇವರಿಗೆ ಬೈತಖೋಲಿನ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ.
ಮನೆಗೆ ಬಂದಾಗ ಅಂಗಿಯ ಮಡಿಕೆಯಲ್ಲಿ ಪುಡಿ ಐಸು,
ಹೊಸಿಲು ದಾಟುವ ಮೊದಲೇ ನೀರು.
ನಾನು ಕಂಡ ಹಿಮ ಅಷ್ಟೇ. ಬಂಗಡೆ ವಾಸನೆಯದು.

ಸೋಮವಾರ ಬೇಲಿ ತೆಗೆದರು. ಭಾನುವಾರ ಹೊರಟೆವು.

ಗೇಟಿನಲ್ಲಿ ಬೊಮ್ಮು ಗೌಡರು, ಹೊಸ ಖಾಕಿ,
ಅಂಗಡಿಯ ಮಡಿಕೆಗೆರೆ ಇನ್ನೂ ಹೋಗಿಲ್ಲ.
“ಪಟ್ಟಿ, ಕೋಲು ಹುಬ್ಬಳ್ಳಿಯಿಂದ ಬರಬೇಕು. ಸದ್ಯಕ್ಕೆ ಇದು.”
ಮೀನು ಕ್ರೇಟಿನ ನೀಲಿ ಮುಚ್ಚಳಗಳ ರಾಶಿ,
ಒಂದೊಂದಕ್ಕೂ ಮೂಗುದಾರದ ಹಾಗೆ ನೈಲಾನ್ ಹಗ್ಗ.
ಚೀಟಿಯ ಹಿಂದೆ: ಬಿದ್ದರೆ ಸ್ವಂತ ಜವಾಬ್ದಾರಿ.

“ನೀವು?” ಎಂದೆ.
“ಮಂಡಿ,” ಎಂದರು ಇವರು. “ಚಪ್ಪಲಿ ಬಿಟ್ಟು ಹತ್ತಿ. ಜಾರುತ್ತದೆ.”

ಮೇಲೆ ಗಾಳಿ. ಹುಲ್ಲು, ಒಂದೇ ಕಡೆಗೆ ಬಾಚಿದ ಕೂದಲು.
ಕಡಲು ನನ್ನ ಕಾಲಿಗಿಂತ ಎಷ್ಟೋ ಕೆಳಗೆ,
ಅದರ ನಡುವೆ ದೇವಗಡದ ದೀಪಸ್ತಂಭ, ಉಗುರಿನಷ್ಟು,
ಈಚೆ ದಡಕ್ಕೆ ಐಸ್ ಪ್ಲಾಂಟಿನ ತಗಡು ಹೊಳೆಯುತ್ತಿದೆ.
ಇದನ್ನೆಲ್ಲ ಯಾರೂ ನನಗೆ ಹೇಳಿರಲಿಲ್ಲ.
ಹದಿನಾಲ್ಕು ವರ್ಷದ ಕತೆಯಲ್ಲಿ ಎಣ್ಣೆಯಿತ್ತು,
ಹಿಮ್ಮಡಿಯಿತ್ತು, ಗೇರುಮರವಿತ್ತು.
ಕಡಲು ಇರಲಿಲ್ಲ.

“ಕಾಕೀ, ಬೇಗ,” ಎಂದ ಹಿಂದಿನ ಹುಡುಗ.
ಕೂತೆ. ಸೆರಗು ಸಿಕ್ಕಿಸಿದೆ. ಮಗಳು ನೂಕಿದಳು.

ಎಣ್ಣೆ ಅಲ್ಲ. ಎಣ್ಣೆಗೆ ಇಷ್ಟು ಸದ್ದಿಲ್ಲ.
ಸಂತೆಯ ಜನವೆಲ್ಲ ಒಟ್ಟಿಗೆ ಕಾಗದ ಹರಿದ ಹಾಗೆ,
ಹೊಟ್ಟೆ ಮೇಲೆಯೇ ಉಳಿದು ನಾನು ಮಾತ್ರ ಕೆಳಗೆ ಕೆಳಗೆ,
ಹಿಮ್ಮಡಿ! ಹಿಮ್ಮಡಿ! ಬುಡದಿಂದ ಇವರ ಕೂಗು,
ಊರಿದೆ, ಗಿರ್ರನೆ ತಿರುಗಿ ಬೆನ್ನು ಮುಂದಾಗಿ
ಆಕಾಶ ನೋಡುತ್ತ ಯಾರದೋ ದನಿಯಲ್ಲಿ ನಗುತ್ತ
ಗೇರುಮರಕ್ಕೆ ಮೂರು ಮಾರು ಇರುವಾಗ ನಿಂತೆ.

ತುರುಬು ಬಿಚ್ಚಿತ್ತು. ಸೀರೆ ತುಂಬ ಹುಲ್ಲುಬೀಜ.
ಎದ್ದು ನೋಡಿದರೆ ಇವರು ಮರದ ಬುಡದಲ್ಲಿ:
ನನ್ನ ಚಪ್ಪಲಿ, ಮಗಳದು, ಆ ಹುಡುಗನದು,
ಗುರುತೇ ಇಲ್ಲದವರವೂ
ಜೊತೆಜೊತೆಯಾಗಿ, ಮೂತಿ ಗುಡ್ಡದ ಕಡೆ, ಸಾಲಾಗಿ,
ಪ್ರತಿ ಜೊತೆಯ ಮೇಲೂ ಗಾಳಿಗೆಂದು ಒಂದು ಕಲ್ಲು.
ಯಾರೂ ಕೇಳಿರಲಿಲ್ಲ.
ಕಣ್ಣು ಗುಡ್ಡದ ಮೇಲೇ ಇತ್ತು;
ಕೈ ತಾನಾಗಿ ಬಾರು ಹುಡುಕಿ ಜೊತೆ ಕೂಡಿಸುತ್ತಿತ್ತು,
ಹತ್ತು ವರ್ಷದ ಹುಡುಗನ ಕೈ.

ಮಂಡಿ ಯಾವ ವರ್ಷದಿಂದ ಎಂದು ಕೇಳಬಹುದಿತ್ತು.

“ಹೇಗಿತ್ತು?” ಎಂದರು.
“ನೀವು ಹೇಳಿದ ಹಾಗೇ,” ಎಂದೆ. “ಎಣ್ಣೆ.”

ಐದಕ್ಕೆ ಗೇಟು ಮುಚ್ಚುತ್ತಾರೆ. ಇನ್ನೂ ಮುಕ್ಕಾಲು ಗಂಟೆ.
ಗೌಡರ ಹತ್ತಿರ ಮತ್ತೆ ಎರಡು ಚೀಟಿ ಹರಿಸಿದೆ,
ರಾಶಿಯಲ್ಲಿ ಅಗಲದ ಮುಚ್ಚಳವೊಂದನ್ನು ಹುಡುಕಿ ಎಳೆದೆ.
ಇವರು ಏನೋ ಹೇಳಲು ಬಾಯಿ ತೆರೆದರು.
ನಾನು ಬಗ್ಗಿ ಒಂದು ಕಲ್ಲು ಹೆಕ್ಕಿಕೊಂಡೆ,
“ಚಪ್ಪಲಿ ಬಿಡಿ,” ಎಂದೆ.