ಮುನ್ನೂರ ಹನ್ನೆರಡನೆಯ ಕಾರ್ಡು

ಮೊದಲು ಕೈ ತೊಳೆಯಬೇಕು. ತೊಳೆದು ಒರೆಸಬೇಕು.
ಒರೆಸಿದ ಮೇಲೂ ಒಂದು ಗಳಿಗೆ ಸುಮ್ಮನಿರಬೇಕು,
ಬೆರಳ ತುದಿಯ ತೇವ ಹಾರಲಿ.
ಈರಿ ಸರೋವರದ ಥಂಡಿ ನೆಲಮಾಳಿಗೆಗೂ ಇಳಿಯುತ್ತದೆ;
ಅದಕ್ಕೇ ಪ್ರತಿ ಡಬ್ಬಿಯ ಮೂಲೆಯಲ್ಲಿ
ಹೊಸ ಬೂಟಿನ ಜೊತೆ ಬಂದ ಪುಟ್ಟ ಪೊಟ್ಟಣ,
ತಿನ್ನಬೇಡಿ ಎಂದು ಬರೆದದ್ದು.

ರಬ್ಬರ್ ಬ್ಯಾಂಡ್ ಕೂಡದು, ಅಂಚು ಕಚ್ಚುತ್ತದೆ.
ಗೋಂದು ಕೂಡದು. ಮಡಚುವುದಂತೂ ಕೂಡಲೇಕೂಡದು.
ಒಬ್ಬೊಬ್ಬನಿಗೂ ಒಂದು ತೆಳ್ಳನೆ ಚೀಲ,
ಎಂಟುನೂರು ಜನ ಹಿಡಿಸುವ ಉದ್ದ ಬಿಳಿ ಡಬ್ಬಿ,
ಬಿಗಿಯಲ್ಲ, ಸಡಿಲವಲ್ಲ,
ಬೆಳಗಿನ ಬಸ್ಸಿನಲ್ಲಿ ನಿಂತವರ ಹಾಗೆ
ಒಬ್ಬನ ಬೆನ್ನಿಗೆ ಇನ್ನೊಬ್ಬನ ಎದೆ.

ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ ಇದು.
ನಿವೃತ್ತಿಯ ಮಾರನೆಯ ದಿನವೇ
ಮೇಜಿನ ಮೇಲೆ ಚಮಚಗಳನ್ನು ಸಾಲಾಗಿಡತೊಡಗಿತು.
ಆಮೇಲೊಂದು ಶನಿವಾರ, ಯಾರದೋ ಖಾಲಿಯಾಗುತ್ತಿದ್ದ ಮನೆಯ ಮುಂದೆ
ನಾಲ್ಕು ಕಿರಾಣಿ ಚೀಲ ಕಾರ್ಡು, ಹನ್ನೊಂದು ಡಾಲರು.
'ಬೆಲೆಯುಳ್ಳವರೆಲ್ಲ ಆಗಲೇ ಹೋದರು' ಅಂದ ಮಾರುವವ,
'ಇವರು ಬರೀ ಸಾಮಾನ್ಯರು.'
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮೂರನೆಯ ಬೇಸ್‌ನಲ್ಲಿ ಒಂದೇ ಬೇಸಗೆ ನಿಂತವರು,
ಬೆಂಚು ಕಾದವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿದವರು,
ಬೆನ್ನಿಗೆ ಇನ್ನೂ ಗುಲಾಬಿ ಚ್ಯೂಯಿಂಗ್ ಗಮ್ಮಿನ ಕಲೆ ಹೊತ್ತವರು.

'ತಂಡದ ಪ್ರಕಾರ ಇಡೇ' ಅನ್ನುತ್ತಾನೆ ತಮ್ಮ ಕ್ಯಾಸಿಮಿರ್.
ತಂಡ ಅಂದರೇನು, ಇವತ್ತು ಕೊಳ್ಳುತ್ತಾರೆ, ನಾಳೆ ಮಾರುತ್ತಾರೆ.
ನಾನು ವರ್ಷ ಹಿಡಿದು, ವರ್ಷದೊಳಗೆ ನಂಬರು ಹಿಡಿದು ಇಡುತ್ತೇನೆ.
ಬೀದಿ, ಆಮೇಲೆ ಮನೆ.
ವಿಳಾಸ ಅಂದರೆ ಅದು.

ಮಂಗಳವಾರ ಕುಲುಮೆ ಕೆಟ್ಟಿತು.
ರಿಪೇರಿಗೆ ಬಂದವನ ಅಂಗಿಯ ಮೇಲೆ ಹೆಸರು: ಟ್ರಂಬೌರ್.
ಹೆಸರು ಓದುವುದು ನನ್ನ ಹಳೇ ಚಟ.
'ಲೈಲ್ ಟ್ರಂಬೌರ್? ಎಪ್ಪತ್ತಾರು, ಮುನ್ನೂರ ಹನ್ನೆರಡು?'
ಅವನು ಸ್ಪ್ಯಾನರ್ ಕೆಳಗಿಟ್ಟ.
ನಾನು ಕಣ್ಣು ಮುಚ್ಚಿ ತೆಗೆಯಬಲ್ಲೆ, ತೆಗೆದೆ.

ಮಸಿ ಕೈ ಹಿಂದೆ ಕಟ್ಟಿಕೊಂಡು, ಬಾಗಿ ನೋಡಿದ,
ಮುಟ್ಟಲಿಲ್ಲ.
'ಹೆಸರು ನನ್ನದು' ಅಂದ. 'ಇವನು ಕ್ಲೀಟಸ್ ಯೋಡರ್.
ಗವಸು ಬಲಗೈಯಲ್ಲಿದೆ ನೋಡಿ. ಎಡಚ.
ಅವತ್ತು ಬೆಳಿಗ್ಗೆ ಫೋಟೋದವನು ಬಂದಾಗ
ನಾನು ಪೆಟ್ರೋಲ್ ಬಂಕಿನ ಫೋನ್ ಡಬ್ಬಿಯೊಳಗಿದ್ದೆ,
ಒಂದು ಹಿಡಿ ಚಿಲ್ಲರೆ ಹಿಡಿದು.
ಮಗಳು ಹುಟ್ಟಿದ್ದಳು. ಆರು ಪೌಂಡು, ಹನ್ನೊಂದು ಔನ್ಸು.
ಸಾಲು ಕಾಯಿಸಬಾರದಲ್ಲ, ಕ್ಲೀಟಸ್ ನಿಂತುಬಿಟ್ಟ.'

ಕಾರ್ಡು ತಿರುಗಿಸಿ ಹಿಡಿದೆ.
ಒಂಬತ್ತು ಪಂದ್ಯ. ಗೆಲುವು ಸೊನ್ನೆ. ಸೋಲು ಎರಡು.
ಬಿಡುವಿನಲ್ಲಿ ಮೀನು ಹಿಡಿಯುತ್ತಾನೆ.
'ಮೀನು ಹಿಡಿದವನಲ್ಲ ನಾನು' ಅಂದ. ತುಸು ತಡೆದು,
'ಸೋತವನು ನಾನೇ.'

ಕುಲುಮೆ ಉಸಿರೆಳೆಯಿತು, ಹತ್ತಿಕೊಂಡಿತು.
ನೂರ ನಲವತ್ತು ಡಾಲರು ತೆಗೆದುಕೊಂಡು ಹೋದ.
ಸಹಿ ಹಾಕೆಂದು ನಾನು ಕೇಳಲಿಲ್ಲ;
ಯಾರ ಎದೆಯ ಮೇಲೆ ಹಾಕಿಯಾನು?

ರಾತ್ರಿ ಆ ಕಾರ್ಡು ಹಿಡಿದು ಬಹಳ ಹೊತ್ತು ಕೂತೆ.
ಹೆಸರು ಸರಿ, ಮನೆಯಲ್ಲಿರುವವನು ಬೇರೆ,
ಇಂಥ ಕಾಗದ ಎಷ್ಟು ಬಂದಿಲ್ಲ ನನ್ನ ಕೈಗೆ!
ಕಳಿಸಿದವರಿಗೆ ಹಿಂತಿರುಗಿಸಿ ಎಂದು ಠಸ್ಸೆ ಒತ್ತುತ್ತಿದ್ದೆ.
ಇದನ್ನು ಕಳಿಸಿದವರು ಯಾರು?
ಹಾಗೇ ಬಿಟ್ಟರೆ ಕ್ಲೀಟಸನ ಮುಖ
ಇನ್ನೊಬ್ಬನ ಸೋಲು ಹೊತ್ತು ನಿಂತೇ ಇರುತ್ತದೆ.
ತೆಗೆದರೆ ಹನ್ನೊಂದರ ಪಕ್ಕ ಹದಿಮೂರು,
ನಡುವೆ ಗಾಳಿ.

ರಿಪೇರಿಯ ಬಿಲ್ಲು ಅಡುಗೆಮನೆಯಲ್ಲಿತ್ತು,
ಗಿರಾಕಿಯ ಪ್ರತಿ, ತೆಳು ಗುಲಾಬಿ ಕಾಗದ,
ಕೆಳಗೆ ಅವನದೇ ಕೈಯ ಸಹಿ,
ಮೂಲೆಯಲ್ಲಿ ಮಸಿಯ ಹೆಬ್ಬೆರಳು.
ಮಡಚಕೂಡದು ಅನ್ನುವುದು ನನ್ನದೇ ನಿಯಮ.
ನಾಲ್ಕು ಮಡಿಕೆ ಮಡಚಿದೆ.
ತೆಳ್ಳನೆ ಚೀಲಕ್ಕೆ ಇಳಿಸಿ, ಮೇಲೆ
'೩೧೨ ಅ' ಎಂದು ಬರೆದು
ಕ್ಲೀಟಸನ ಬೆನ್ನಿಗೆ ನಿಲ್ಲಿಸಲು ಹೋದರೆ
ಡಬ್ಬಿ ಆಗಲೇ ಭರ್ತಿ.

ಎರಡು ಕೈಯಲ್ಲಿ ಮೆಲ್ಲಗೆ ಸರಿಸುತ್ತ
ಆ ಎಂಟುನೂರು ಜನಕ್ಕೆ ಅಂದೆ:
ಸ್ವಲ್ಪ ಒತ್ತಿ ನಿಲ್ಲಿ,
ಒಬ್ಬರು ಹತ್ತುವವರಿದ್ದಾರೆ.