ಗಾಡಿ ಬಿಟ್ಟು ಇಳಿಯತಕ್ಕದ್ದಲ್ಲ

ದರೋಜಿ ಕಾಡಿನ ಗೇಟಿಗೆ ಹೊಸ ಬೋರ್ಡು ಬಂದಿದೆ.
ಹಸಿರು ಬಣ್ಣ ಇನ್ನೂ ಬೆರಳಿಗೆ ಅಂಟುತ್ತದೆ.
ಗಾದಿಲಿಂಗಪ್ಪ ಕೋಲು ಹಿಡಿದು
ಒಂದೊಂದೇ ಸಾಲು ತೋರಿಸಿ ಓದುತ್ತಾನೆ.
ನಾವು ಆರು ಜನ ಡ್ರೈವರುಗಳು
ಕೈಕಟ್ಟಿ ಕೇಳುತ್ತೇವೆ:

ಬಾಡಿಗೆ ಗಾಡಿಗಳು ಒಂದು ಸಲಕ್ಕೆ ನಾಲ್ಕೇ.
ಇಪ್ಪತ್ತು ಸೀಟಿಗಿಂತ ದೊಡ್ಡದಕ್ಕೆ ಪ್ರವೇಶವಿಲ್ಲ.
ಗೋಪುರದ ಬುಡದಲ್ಲಿ ನಲವತ್ತು ನಿಮಿಷ,
ಮೀರಿದರೆ ನಿಮಿಷಕ್ಕೆ ಹತ್ತು ರೂಪಾಯಿ ದಂಡ.
ನಿಂತ ಮೇಲೆ ಇಂಜಿನ್ ಬಂದ್. ಏಸಿ ಬಂದ್.
ಚಾಲಕನು ಗಾಡಿ ಬಿಟ್ಟು ಇಳಿಯತಕ್ಕದ್ದಲ್ಲ.

'ಒಂದಕ್ಕೆ ಬಂದ್ರೆ?' ಅಂದ ಎರ್ರಿಸ್ವಾಮಿ.
ಗಾದಿಲಿಂಗಪ್ಪ ಬೋರ್ಡಿನ ಹಿಂದೆ ಹೋಗಿ ನೋಡಿ ಬಂದ.
'ಅದನ್ನ ಬರ್ದಿಲ್ಲಪ್ಪಾ.'

ನನ್ನದು ಹನ್ನೆರಡು ಸೀಟಿನ ಟೆಂಪೊ.
ಆರ್‌ಸಿ ಪುಸ್ತಕದಲ್ಲಿ ಬಿಳಿ,
ಸಂಡೂರಿನ ಅದಿರು ಧೂಳು ಕೂತು ಇಟ್ಟಿಗೆ.
ಹನ್ನೊಂದು ವರ್ಷದಿಂದ ಬಳ್ಳಾರಿಯ ಲಾಡ್ಜುಗಳಿಂದ
ಕರಡಿ ನೋಡುವವರನ್ನು ತಂದು ಇಳಿಸುತ್ತೇನೆ.
ದಾರಿಯಲ್ಲಿ ವಗ್ಗಾಣಿ ಮಿರ್ಚಿ ತಿನ್ನಿಸುತ್ತೇನೆ,
ಖಾರ ಆಯಿತೆಂದರೆ ಕ್ಷಮೆ ಕೇಳುತ್ತೇನೆ.

ಅವರು ಮೆಟ್ಟಿಲು ಹತ್ತುತ್ತಾರೆ.
ಎದುರು ಬಂಡೆಗೆ ಸವರಿದ ಬೆಲ್ಲಕ್ಕೆ
ಕರಡಿ ಬರುತ್ತದಂತೆ,
ಬೆನ್ನ ಮೇಲೆ ಮರಿ ಇರುತ್ತದಂತೆ,
ಎದ್ದು ನಿಂತರೆ ಥೇಟ್ ಮನುಷ್ಯನಂತೆ.
ನನ್ನ ಪಾಲಿಗೆ ಎಲ್ಲವೂ ಅಂತೆ.
ಮಂಗಗಳು ವೈಪರ್ ಕೀಳುತ್ತವೆ,
ಸೀಟಿನ ಮೇಲಿನ ಬ್ಯಾಗುಗಳಿಗೆ ನಾನೇ ಜವಾಬು.
ಬೋರ್ಡು ಬರುವ ಮೊದಲೂ ನಾನು ಇಳಿದವನಲ್ಲ.
ನೋಡುವುದು ಕನ್ನಡಿಯಲ್ಲಿ, ಮರಳಿ ಬಂದವರ ಮುಖ:
ಇವತ್ತು ಎರಡು,
ಇವತ್ತು ಒಂದು, ಅದೂ ದೂರ,
ಇವತ್ತು ಬರೀ ನವಿಲು.

ಮನೆಯಲ್ಲಿ ತಸ್ಲೀಮಾ ಕೇಳುತ್ತಾಳೆ,
'ಕರಡಿ ಹೆಂಗಿತ್ತಬ್ಬಾ?'
ಹಿಂದಿನ ಸೀಟಿನವರು ಅಂದದ್ದನ್ನೇ ಹೇಳುತ್ತೇನೆ.
ಅವಳು ಚಿತ್ರ ಬರೆದಳು, ಸುತ್ತ ಒಂದು ಚೌಕ ಹಾಕಿದಳು.
'ಇದೇನು ಪಂಜರ?'
'ಅಲ್ಲ, ಕನ್ನಡಿ. ನೀನು ಅದ್ರಾಗೇ ತಾನೆ ನೋಡಾದು?'
ಎಂಟು ವರ್ಷದ ಹುಡುಗಿ.
ನಾನು ಊಟ ಮುಗಿಸಿ ಸುಮ್ಮನೆ ಕೈ ತೊಳೆದೆ.

ಬೋರ್ಡು ಬಂದ ಮೊದಲ ಭಾನುವಾರ
ನಾನು ನಾಲ್ಕನೆಯ ಗಾಡಿ.
ಇಂಜಿನ್ ಬಂದ್ ಮಾಡಿದೆ.
ಬಾನೆಟ್ಟಿನ ಕಬ್ಬಿಣ ಟಿಕ್ ಟಿಕ್ ಎಂದು ಆರಿತು,
ಆಮೇಲೆ ದೂರದ ಗೂಡ್ಸು ರೈಲು, ಆಮೇಲೆ ಅದೂ ಇಲ್ಲ.
ಹನ್ನೊಂದು ವರ್ಷ ನನ್ನದೇ ಏಸಿಯ ಗೊರಕೆಯಲ್ಲಿ
ಕೂತಿದ್ದೆನೆಂದು ಆಗ ಗೊತ್ತಾಯಿತು.

ಹಿಂದಿನ ಕಾರೆಕಂಟಿಯಲ್ಲಿ ಒಂದು ಉಸಿರು.
ಪಂಕ್ಚರ್ ಅಂಗಡಿಯ ಪಂಪನ್ನು ತಿರುಗಾಮುರುಗಾ ಹೊಡೆದಂತೆ
ಊದಿ, ಎಳೆದು, ಊದಿ, ಎಳೆದು,
ಮಣ್ಣಿನೊಳಗಿಂದ ಏನನ್ನೋ ಹೀರುವ ಸದ್ದು.
ಕನ್ನಡಿ ಒಳಮುಖವಾಗಿತ್ತು, ಅದರಲ್ಲಿ ಬರೀ ಖಾಲಿ ಸೀಟು.
ಕೈ ಹೊರಗೆ ಹಾಕಿ ಹೊರಗನ್ನಡಿ ತಿರುಗಿಸಬಹುದಿತ್ತು.
ಕೈಯ ಬಗ್ಗೆ ಬೋರ್ಡು ಏನೂ ಹೇಳುವುದಿಲ್ಲ.
ತಿರುಗಿಸಿದೆ.
ಅದು ಕಿರ್ ಎಂದಿತು.
ಉಸಿರು ನಿಂತಿತು.

'ಏನೂ ಬರಲಿಲ್ಲ ಡ್ರೈವರ್, ದುಡ್ಡು ದಂಡ,'
ಎನ್ನುತ್ತಾ ಹನ್ನೆರಡು ಜನ ಹತ್ತಿದರು.
ಇನ್ನೂ ಮೂರು ನಿಮಿಷ ಇತ್ತು.
ಗಾಡಿ ತಿರುಗಿಸುವಾಗ ಕಂಡಿತು,
ನಾನು ಬಂದ ಟೈರಿನ ಗೀರಿನ ಮೇಲೆಯೇ
ಒಂದು ಹೆಜ್ಜೆ.
ಹಿಮ್ಮಡಿ ಇದೆ, ಐದು ಬೆರಳಿವೆ,
ಉಗುರು ಕತ್ತರಿಸಲು ಯಾರೂ ಇಲ್ಲದ ಮಗುವಿನದಿದ್ದಂತೆ.
ಮುಂದೆ ಇನ್ನೊಂದು. ಮತ್ತೊಂದು.
ಗೇಟಿನ ಕಡೆಗೇ ಹೋಗಿತ್ತು ಸ್ವಲ್ಪ ದೂರ, ನಮ್ಮ ದಾರಿಯಲ್ಲೇ.

ಬಲಗಾಲಿ ಕಲ್ಲಿನ ಮೇಲೆ, ಎಡಗಾಲಿ ಹುಲ್ಲಿನ ಮೇಲೆ,
ಒಂದನೇ ಗೇರಿನಲ್ಲಿ, ಹೆಜ್ಜೆ ಅಳಿಸದ ಹಾಗೆ
ಓಡಿಸಿದೆ. ಒಳಗಿನವರು ಬೈದರು.
ಯಾರೋ ನೀರಿನ ಬಾಟ್ಲಿ ಚೆಲ್ಲಿಕೊಂಡರು.

ಗೇಟಿನಲ್ಲಿ ಗಾದಿಲಿಂಗಪ್ಪ ಗಡಿಯಾರ ನೋಡಿದ.
'ಎರಡು ನಿಮಿಷ ಲೇಟಾತು ಮೌಲಾಲಿ. ಕಾರಣ ಬರೀಬೇಕು.'
'ಮುಂದೆ ಒಬ್ರು ನಡ್ಕೊಂತ ಹೋಗಿದ್ರು,' ಅಂದೆ.
'ಯಾರು? ಒಳಗೆ ಯಾರನ್ನೂ ಬಿಟ್ಟಿಲ್ಲಲ್ಲ ನಾನು.'
ನಾನು ನನ್ನ ಅಂಗೈ ಬಿಚ್ಚಿ ಅಳತೆ ತೋರಿಸಿದೆ.
ಅವನು ಪೆನ್ನು ತಡೆದು ಕಾಡಿನ ಕಡೆ ನೋಡಿದ,
ಆಮೇಲೆ ಕಾರಣದ ಕಲಮಿನಲ್ಲಿ ಬರೆದ:
ಪಾದಚಾರಿ.

ಇಪ್ಪತ್ತು ರೂಪಾಯಿ ಬಿಡಲಿಲ್ಲ.
ರಸೀದಿ ಕೊಟ್ಟ, ಅದರ ಹಿಂಬದಿ ಖಾಲಿ ಇತ್ತು.
ಮಗಳಿಗೆ ತೋರಿಸಲು ಆ ಹೆಜ್ಜೆಯನ್ನು
ಸ್ಟೀರಿಂಗಿನ ಮೇಲಿಟ್ಟು ಬರೆದುಕೊಂಡೆ,
ಸುತ್ತ ಗೆರೆ ಎಳೆಯಲಿಲ್ಲ.